ನಿರ್ಣಾಯಕನ ನ್ಯಾಯ: ಹಳೆಯ ಮಾದರಿಯ ಪಾತ್ರಾಭಿನಯದ ಆಟಗಳಲ್ಲಿ ಮರಣಬಲೆಗಳ ವಿಚಾರ

೧. ಪೀಠಿಕೆ

ಆಟವೆಂದ ಮೇಲೆ ಸೋಲುಗೆಲುವುಗಳಿರುವುದು ಸಹಜ. ಆದರೆ ಬಂದ ಸೋಲು ನ್ಯಾಯವಾದುದೋ ಅನ್ಯಾಯವಾದುದೋ ಎಂಬ ಪ್ರಶ್ನೆ ಎಲ್ಲ ಆಟಗಳಲ್ಲಿಯೂ ಒಂದೇ ತೆರನಾಗಿ ಏಳುವುದಿಲ್ಲ. ಚದುರಂಗದಲ್ಲಿ ಮಣೆಯ ಮೇಲಿನ ಕಾಯಿಗಳೆಲ್ಲವೂ ಇಬ್ಬರ ಕಣ್ಣಿಗೂ ಕಾಣುತ್ತವೆ. ಪಗಡೆಯಲ್ಲಿ ಇಬ್ಬರೂ ಒಂದೇ ದಾಳವನ್ನು ಎಸೆಯುತ್ತಾರೆ. ಅಲ್ಲಿ ಸೋತವನು ತನ್ನ ಬುದ್ಧಿಯನ್ನೋ ಅದೃಷ್ಟವನ್ನೋ ಹಳಿದುಕೊಂಡಾನೇ ಹೊರತು ಆಟವನ್ನೇ ಹಳಿಯಲಾರನು. ೧೯೭೪ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ಸಂಸ್ಥಾನದ ಲೇಕ್ ಜಿನೀವಾ ಎಂಬ ಊರಿನಿಂದ ಒಂದು ಹೊಸ ಬಗೆಯ ಆಟ ಹೊರಬಂದಿತು. ಅದರಲ್ಲಿ ಮಣೆಯೇ ಇಲ್ಲ. ಇದ್ದರೂ ಅದು ಒಬ್ಬನ ಕಣ್ಣಿಗೆ ಮಾತ್ರ ಕಾಣುತ್ತದೆ. ಗ್ಯಾರಿ ಗೈಗ್ಯಾಕ್ಸ್ (೧೯೩೮–೨೦೦೮) ಮತ್ತು ಡೇವ್ ಆರ್ನೆಸನ್ (೧೯೪೭–೨೦೦೯) ಎಂಬಿಬ್ಬರು ರಚಿಸಿದ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಎಂಬುದೇ ಆ ಆಟ.

ಆಟದ ಸ್ವರೂಪವನ್ನು ಸಂಗ್ರಹವಾಗಿ ಹೇಳುವುದಾದರೆ, ನಾಲ್ಕೈದು ಜನ ಒಂದು ಮೇಜಿನ ಸುತ್ತ ಕುಳಿತು ಒಬ್ಬೊಬ್ಬರು ಒಂದೊಂದು ಪಾತ್ರವನ್ನು ವಹಿಸಿಕೊಳ್ಳುತ್ತಾರೆ. ಒಬ್ಬನು ಯೋಧ, ಇನ್ನೊಬ್ಬನು ಮಂತ್ರವಾದಿ, ಮತ್ತೊಬ್ಬನು ಕಳ್ಳ, ಹೀಗೆ. ಇವರೆಲ್ಲರೂ ಸೇರಿ ನಿಧಿಯನ್ನು ಅರಸುತ್ತ ಒಂದು ಹಾಳು ನೆಲಮಾಳಿಗೆಯನ್ನು ಹೊಗುತ್ತಾರೆ. ಅದರ ನಕ್ಷೆಯನ್ನು ಮೊದಲೇ ಬರೆದಿಟ್ಟುಕೊಂಡ ಇನ್ನೊಬ್ಬನಿದ್ದಾನೆ. ಪಾತ್ರಧಾರಿಗಳು ಏನನ್ನು ಕಾಣುತ್ತಾರೆ, ಏನನ್ನು ಕೇಳುತ್ತಾರೆ ಎಂಬುದನ್ನು ಹೇಳುವವನು ಅವನು. ಅವರ ಕ್ರಿಯೆಗಳ ಫಲವನ್ನು ತೀರ್ಮಾನಿಸುವವನೂ ಅವನೇ. ಅವನನ್ನು ಈ ಲೇಖನದಲ್ಲಿ ನಿರ್ಣಾಯಕ ಎಂದು ಕರೆದಿದೆ. ಮರೆಮಾಡಿದ ಗುಂಡಿ, ಬೀಗದೊಳಗಿನ ವಿಷದ ಸೂಜಿ, ಕುಸಿಯುವ ಚಾವಣಿ ಮೊದಲಾದ ಗುಪ್ತ ಅಪಾಯಗಳಿಗೆಲ್ಲ ಬಲೆ ಎಂಬ ಒಂದೇ ಹೆಸರನ್ನು ಬಳಸಿದೆ.

ಈಗ ಪ್ರಶ್ನೆ ಇದು. ಗುಂಡಿಯನ್ನು ತೋಡಿದವನೂ ನಿರ್ಣಾಯಕ, ಅದನ್ನು ಮುಚ್ಚಿಟ್ಟವನೂ ನಿರ್ಣಾಯಕ, ಬಿದ್ದವನು ಸತ್ತನೆಂದು ತೀರ್ಪು ಕೊಡುವವನೂ ನಿರ್ಣಾಯಕ. ಹೀಗಿರಲು ಆ ಸಾವನ್ನು ನ್ಯಾಯವೆನ್ನುವುದು ಹೇಗೆ? ಹಳೆಯ ಮಾದರಿಯ ಆಟಗಳು ಕ್ರೂರವಾದವು, ಆಡುವವರನ್ನು ಸುಮ್ಮಸುಮ್ಮನೆ ಕೊಲ್ಲುವಂಥವು ಎಂಬ ಆಕ್ಷೇಪಣೆ ಬಹುಕಾಲದಿಂದ ಇದೆ. ಆ ಆಕ್ಷೇಪಣೆಯಲ್ಲಿ ಎಷ್ಟು ಸತ್ಯವಿದೆ, ಎಷ್ಟು ತಪ್ಪು ತಿಳಿವಳಿಕೆಯಿದೆ ಎಂಬುದನ್ನು ಚಾರಿತ್ರಿಕ ದೃಷ್ಟಿಯಿಂದ ವಿವೇಚಿಸುವುದು ಈ ಲೇಖನದ ಉದ್ದೇಶ.

೨. ನಿರ್ಣಾಯಕನ ಪೂರ್ವಚರಿತ್ರೆ

ನಿರ್ಣಾಯಕನೆಂಬ ಅಧಿಕಾರಿ ಈ ಆಟದೊಡನೆ ಹುಟ್ಟಿದವನಲ್ಲ. ಅವನ ವಂಶಾವಳಿ ಸೈನ್ಯಶಿಕ್ಷಣದ ಚರಿತ್ರೆಯಲ್ಲಿದೆ. ಭಾರತದಿಂದ ಪರ್ಷಿಯ, ಅರಬ್ ದೇಶಗಳ ಮೂಲಕ ಯೂರೋಪನ್ನು ಸೇರಿದ ಚದುರಂಗವನ್ನು ನಿಜವಾದ ಯುದ್ಧಕ್ಕೆ ಹತ್ತಿರ ತರುವ ಪ್ರಯತ್ನಗಳು ಹದಿನೆಂಟನೆಯ ಶತಮಾನದ ಜರ್ಮನಿಯಲ್ಲಿ ನಡೆದವು. ೧೭೮೦ರಲ್ಲಿ ಬ್ರನ್ಸ್‌ವಿಕ್‌ನ ಹೆಲ್ವಿಗ್ ಎಂಬ ಪಂಡಿತನು ಸಾವಿರಾರು ಮನೆಗಳುಳ್ಳ ದೊಡ್ಡ ಮಣೆಯ ಮೇಲೆ ಆಡುವ ಯುದ್ಧಕ್ರೀಡೆಯೊಂದನ್ನು ಪ್ರಕಟಿಸಿದನು. ಪ್ರಷ್ಯದ ರೈಸ್‌ವಿಟ್ಸ್ ಮನೆತನದ ತಂದೆಮಕ್ಕಳು ಮಣೆಯನ್ನೇ ಕೈಬಿಟ್ಟರು. ಮಗನು ೧೮೨೪ರಲ್ಲಿ ಪರಿಷ್ಕರಿಸಿದ 'ಕ್ರೀಗ್ಸ್‌ಷ್ಪೀಲ್' ಎಂಬ ಆಟದಲ್ಲಿ ನಿಜವಾದ ಭೂಪಟವೇ ರಣರಂಗವಾಯಿತು. ಎದುರಾಳಿಗಳಿಬ್ಬರೂ ತಮ್ಮ ಆಜ್ಞೆಗಳನ್ನು ಬರೆದು ನಿರ್ಣಾಯಕನಿಗೆ ಒಪ್ಪಿಸುತ್ತಿದ್ದರು. ಯಾರಿಗೆ ಏನು ಕಾಣುತ್ತದೆ, ಯಾರಿಗೆ ಏನು ಕಾಣುವುದಿಲ್ಲ ಎಂಬುದನ್ನು ಅವನೇ ತಿಳಿಸುತ್ತಿದ್ದನು. ಬೆಟ್ಟದ ಹಿಂದೆ ಅಡಗಿದ ಶತ್ರುಸೈನ್ಯ ಹೀಗೆ ಮೊದಲ ಬಾರಿಗೆ ಆಟದಲ್ಲಿಯೂ ಅಡಗಿಕೊಂಡಿತು. ೧೮೭೬ರಲ್ಲಿ ವೆರ್ಡಿ ಡು ವೆರ್ನ್‌ವಾ ಎಂಬ ಪ್ರಷ್ಯದ ಸೇನಾಧಿಕಾರಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಕೋಷ್ಟಕಗಳ ಮತ್ತು ದಾಳಗಳ ಹೊರೆಯನ್ನು ಇಳಿಸಿ ತೀರ್ಪನ್ನು ಅನುಭವಸ್ಥನಾದ ನಿರ್ಣಾಯಕನ ವಿವೇಕಕ್ಕೇ ಬಿಡಬೇಕೆಂದು ವಾದಿಸಿದನು.

ಈ ಪರಂಪರೆ ಅಮೆರಿಕವನ್ನು ಸೇರಿದ ಬಗೆ ಸ್ವಾರಸ್ಯವಾಗಿದೆ. ೧೮೮೦ರಲ್ಲಿ ಟಾಟನ್ ಎಂಬ ಅಮೆರಿಕದ ಸೇನಾಧಿಕಾರಿಯು 'ಸ್ಟ್ರಾಟೆಗಾಸ್' ಎಂಬ ಯುದ್ಧಕ್ರೀಡೆಯ ಗ್ರಂಥವನ್ನು ಪ್ರಕಟಿಸಿದ್ದನು. ಅದು ಮಿನೆಸೋಟ ವಿಶ್ವವಿದ್ಯಾನಿಲಯದ ಪುಸ್ತಕಭಂಡಾರದಲ್ಲಿ ಡೇವ್ ವೆಸ್ಲಿ ಎಂಬ ತರುಣನ ಕೈಗೆ ಸಿಕ್ಕಿತು. ಆಟಗಾರನು ಏನನ್ನು ಬೇಕಾದರೂ ಮಾಡಲು ಯತ್ನಿಸಬಹುದು, ಫಲವನ್ನು ನಿರ್ಣಾಯಕನು ಹೇಳುತ್ತಾನೆ ಎಂಬ ತತ್ತ್ವವನ್ನು ಅವನು ಅದರಿಂದ ಗ್ರಹಿಸಿ ೧೯೬೯ರಲ್ಲಿ 'ಬ್ರೌನ್‌ಷ್ಟೈನ್' ಎಂಬ ಆಟವನ್ನು ನಡೆಸಿದನು. ಅದರಲ್ಲಿ ಆಟಗಾರರು ಸೈನ್ಯಗಳನ್ನಲ್ಲ, ಒಬ್ಬೊಬ್ಬ ವ್ಯಕ್ತಿಯನ್ನು ವಹಿಸಿದರು. ಆ ಬಳಗದವನೇ ಆದ ಆರ್ನೆಸನ್ ೧೯೭೧ರ ಸುಮಾರಿಗೆ 'ಬ್ಲ್ಯಾಕ್‌ಮೂರ್' ಎಂಬ ಕಾಲ್ಪನಿಕ ನಾಡನ್ನು ಕಟ್ಟಿ ಅದರ ಕೋಟೆಯ ಕೆಳಗೆ ನೆಲಮಾಳಿಗೆಗಳನ್ನು ತೋಡಿದನು. ಅದನ್ನು ಕಂಡು ಬೆರಗಾದ ಗೈಗ್ಯಾಕ್ಸ್ ನಿಯಮಗಳನ್ನು ಕ್ರೋಡೀಕರಿಸಿದನು. ೧೯೭೪ರ ಮೂರು ಸಣ್ಣ ಪುಸ್ತಿಕೆಗಳು ಸಿದ್ಧವಾದುದು ಹೀಗೆ.

ಈ ಚರಿತ್ರೆಯನ್ನು ಇಲ್ಲಿ ಹೇಳಿದುದಕ್ಕೆ ಕಾರಣವಿದೆ. ಕ್ರೀಗ್ಸ್‌ಷ್ಪೀಲಿನ ನಿರ್ಣಾಯಕನ ಮುಂದೆ ಎರಡು ಪಕ್ಷಗಳಿದ್ದವು. ಅವನು ಎರಡಕ್ಕೂ ಹೊರಗಿನವನು. ಹೊಸ ಆಟದಲ್ಲಿ ಆಟಗಾರರೆಲ್ಲರೂ ಒಂದು ಪಕ್ಷವಾದರು, ಇನ್ನೊಂದು ಪಕ್ಷ ಖಾಲಿಯಾಯಿತು. ರಾಕ್ಷಸರನ್ನು ಆಡಿಸುವವನೂ ಬಲೆಗಳನ್ನು ಹೂಡುವವನೂ ನಿರ್ಣಾಯಕನೇ ಆದನು. ನ್ಯಾಯಾಧೀಶನೇ ಪ್ರತಿವಾದಿಯ ಸ್ಥಾನದಲ್ಲಿಯೂ ಕುಳಿತಂತಾಯಿತು. ಈ ಆಟದಲ್ಲಿ ನ್ಯಾಯದ ಪ್ರಶ್ನೆ ಮತ್ತೆ ಮತ್ತೆ ಏಳುವುದಕ್ಕೆ ಮೂಲಕಾರಣ ಇದು.

೩. ಬಲೆಗಳ ಲೆಕ್ಕಾಚಾರ

ಹಳೆಯ ನಿಯಮಗಳಲ್ಲಿ ಬಲೆಗಳು ಹೇಗೆ ಕೆಲಸ ಮಾಡುತ್ತಿದ್ದವೆಂಬುದನ್ನು ತಿಳಿಯದೆ ಅವುಗಳ ನ್ಯಾಯಾನ್ಯಾಯವನ್ನು ನಿರ್ಣಯಿಸಲಾಗದು. ೧೯೭೪ರ ನಿಯಮದಂತೆ ಬಲೆಯ ಮೇಲೆ ಯಾರಾದರೂ ಹಾದುಹೋದಾಗ ಆರು ಮುಖದ ದಾಳವನ್ನು ಎಸೆಯಬೇಕು; ಒಂದು ಅಥವಾ ಎರಡು ಬಿದ್ದರೆ ಬಲೆ ಕೆಲಸ ಮಾಡುತ್ತದೆ. ಎಂದರೆ ಒಬ್ಬನು ಸಿಕ್ಕಿಬೀಳುವ ಸಂಭವ ಮೂರರಲ್ಲಿ ಒಂದು. ನಾಲ್ವರು ಒಬ್ಬರ ಹಿಂದೊಬ್ಬರು ನಡೆದರೆ ಯಾರಾದರೊಬ್ಬರು ಸಿಕ್ಕಿಬೀಳುವ ಸಂಭವ ಶೇಕಡ ೮೦ ಆಗುತ್ತದೆ. ಕಣ್ಣುಮುಚ್ಚಿ ನಡೆಯುವವರಿಗೆ ಬಲೆಯಿಂದ ಬಿಡುಗಡೆಯಿಲ್ಲವೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಸಿಕ್ಕಿಬಿದ್ದವನಿಗೆ ಕೊನೆಯದಾಗಿ ಒಂದು ಅವಕಾಶವುಂಟು. ಅದನ್ನು ಪಾರುಗಾಣಿಕೆಯ ಎಸೆತವೆನ್ನಬಹುದು. ಟಾಮ್ ಮೋಲ್ಡ್‌ವೇ ೧೯೮೧ರಲ್ಲಿ ಸಂಪಾದಿಸಿದ ಪ್ರಾರಂಭಿಕರ ನಿಯಮಪುಸ್ತಕದಲ್ಲಿ ಮೊದಲ ಮೆಟ್ಟಿಲಿನ ಯೋಧನು ವಿಷದಿಂದ ಪಾರಾಗಬೇಕಾದರೆ ಇಪ್ಪತ್ತು ಮುಖದ ದಾಳದಲ್ಲಿ ೧೨ ಅಥವಾ ಅದಕ್ಕಿಂತ ಹೆಚ್ಚು ಬೀಳಬೇಕು. ಅವನು ಬದುಕುವ ಸಂಭವ ಶೇಕಡ ೪೫. ಮಂತ್ರವಾದಿಗೆ ೧೩ ಬೇಕಾದುದರಿಂದ ಅವನದು ಶೇಕಡ ೪೦. ಯೋಧನು ಇಂಥ ಮೂರು ವಿಷಗಳನ್ನು ಒಂದಾದ ಮೇಲೊಂದರಂತೆ ಎದುರಿಸಿ ಬದುಕುಳಿಯುವ ಸಂಭವವನ್ನು ಗುಣಿಸಿ ನೋಡಿದರೆ ಅದು ಶೇಕಡ ೯ಕ್ಕೆ ಇಳಿಯುತ್ತದೆ. ಸೋತರೆ ಮರಣವೇ, ಗಾಯಗೊಂಡು ಸುಧಾರಿಸಿಕೊಳ್ಳುವ ಮಧ್ಯಮ ಮಾರ್ಗವಿಲ್ಲ. ಈ ಅಂಕಿಗಳನ್ನು ನೋಡಿದವರು ಆಟವನ್ನು ಕ್ರೂರವೆಂದರೆ ಆಶ್ಚರ್ಯವಿಲ್ಲ. ಆದರೆ ಹಳೆಯ ಆಟಗಾರರು ಇದರಿಂದ ಕಲಿತ ಪಾಠ ಬೇರೆ. ದಾಳವನ್ನು ಕೈಗೆತ್ತಿಕೊಳ್ಳುವ ಹೊತ್ತಿಗೆ ಆಟಗಾರನು ತನ್ನ ತಪ್ಪನ್ನು ಮಾಡಿ ಮುಗಿಸಿರುತ್ತಾನೆ. ದಾಳ ಬೇಕಾಗದಂತೆ ನಡೆದುಕೊಳ್ಳುವುದೇ ಜಾಣತನ ಎಂಬುದು ಆ ಪಾಠ.

ಹಾಗಾದರೆ ದಾಳ ಬೇಕಾಗದಂತೆ ನಡೆಯುವುದು ಹೇಗೆ? ೧೯೭೪ರ ಸಾಮಾನುಗಳ ಪಟ್ಟಿಯಲ್ಲಿ ಹತ್ತಡಿ ಉದ್ದದ ಮರದ ಗಳವೊಂದಿದೆ. ಬೆಲೆ ಒಂದು ಚಿನ್ನದ ನಾಣ್ಯ. ಕತ್ತಿ ಗುರಾಣಿಗಳಿಗಿಂತ ಈ ಗಳ ಹೆಚ್ಚು ಪ್ರಾಣಗಳನ್ನು ಉಳಿಸಿತೆಂದು ಹೇಳಿದರೆ ಉತ್ಪ್ರೇಕ್ಷೆಯಾಗಲಾರದು. ಮುಂದಿನ ನೆಲವನ್ನು ಗಳದಿಂದ ತಿವಿದು ನೋಡುವುದು, ಬಿರುಕಿನಲ್ಲಿ ನೀರು ಸುರಿದು ಅದು ಎಲ್ಲಿಗೆ ಇಳಿಯುತ್ತದೆಂದು ಗಮನಿಸುವುದು, ಪೆಟ್ಟಿಗೆಯ ಮುಚ್ಚಳವನ್ನು ದೂರದಿಂದ ಹಗ್ಗ ಕಟ್ಟಿ ಎಳೆಯುವುದು, ಇವೆಲ್ಲ ನಿಯಮಪುಸ್ತಕದಲ್ಲಿ ಬರೆದ ವಿದ್ಯೆಗಳಲ್ಲ. ಮೇಜಿನ ಮುಂದೆ ಕುಳಿತವನ ಲೋಕಜ್ಞಾನ. ಪಾತ್ರಕ್ಕೆ ಎಷ್ಟು ಅಂಕಗಳಿವೆ ಎಂಬುದಕ್ಕಿಂತ ಪಾತ್ರಧಾರಿಗೆ ಎಷ್ಟು ಯುಕ್ತಿಯಿದೆ ಎಂಬುದು ಇಲ್ಲಿ ಮುಖ್ಯ.

ಅಷ್ಟೇ ಆದರೆ ಹೆಜ್ಜೆಹೆಜ್ಜೆಗೂ ನೆಲ ತಡವುತ್ತ ಕುಳಿತುಬಿಡಬಹುದಲ್ಲ ಎಂದು ಯಾರಾದರೂ ಕೇಳಬಹುದು. ಆ ದಾರಿಯನ್ನೂ ನಿಯಮಗಳು ಮುಚ್ಚಿವೆ. ೧೯೮೧ರ ಪುಸ್ತಕದ ಪ್ರಕಾರ ಹತ್ತಡಿ ಚದರದ ಜಾಗವನ್ನು ಶೋಧಿಸಲು ಹತ್ತು ನಿಮಿಷ ಬೇಕು. ನೂರಡಿ ಉದ್ದದ ಓಣಿಯನ್ನು ಪೂರ್ತಿಯಾಗಿ ಶೋಧಿಸಿದರೆ ನೂರು ನಿಮಿಷ. ಒಂದು ಪಂಜು ಉರಿಯುವುದು ಒಂದೇ ಗಂಟೆಯಾದುದರಿಂದ ಎರಡನೆಯ ಪಂಜೂ ಬಹುಮಟ್ಟಿಗೆ ಮುಗಿಯುತ್ತದೆ. ಇಪ್ಪತ್ತು ನಿಮಿಷಕ್ಕೊಮ್ಮೆ ಅಲೆಮಾರಿ ರಾಕ್ಷಸರು ಬರುವರೇ ಎಂದು ದಾಳ ಹಾಕಬೇಕು. ಸಂಭವ ಆರರಲ್ಲಿ ಒಂದು. ಐದು ಸಲ ಹಾಕಿದರೆ ಒಮ್ಮೆಯಾದರೂ ಅವರು ಎದುರಾಗುವ ಸಂಭವ ಶೇಕಡ ೬೦ರ ಹತ್ತಿರ. ಶೋಧಿಸಿದರೂ ಬಲೆ ಕಾಣುವುದು ಸಾಮಾನ್ಯ ವ್ಯಕ್ತಿಗೆ ಆರರಲ್ಲಿ ಒಂದು ಸಲ ಮಾತ್ರ. ಆದುದರಿಂದ ಎಲ್ಲಿ ಎಚ್ಚರ ಬೇಕು, ಎಲ್ಲಿ ವೇಗ ಬೇಕು ಎಂಬುದನ್ನು ಆಟಗಾರನು ಆರಿಸಿಕೊಳ್ಳಬೇಕಾಗುತ್ತದೆ. ಆರಿಸಿಕೊಳ್ಳಲು ಅವನಿಗೆ ಆಧಾರ ಬೇಕು. ಆ ಆಧಾರವನ್ನು ಕೊಡತಕ್ಕವನು ನಿರ್ಣಾಯಕನೊಬ್ಬನೇ.

೪. ನ್ಯಾಯದ ಲಕ್ಷಣಗಳು

ಈ ಹಿನ್ನೆಲೆಯಲ್ಲಿ ನ್ಯಾಯವಾದ ಬಲೆಯ ಲಕ್ಷಣಗಳನ್ನು ನಾಲ್ಕಾಗಿ ವಿಂಗಡಿಸಬಹುದೆಂದು ತೋರುತ್ತದೆ. ಮೊದಲನೆಯದು ಮುನ್ಸೂಚನೆ: ಅಪಾಯದ ಕುರುಹು ಗಮನಿಸುವವನಿಗೆ ದೊರೆಯುವಂತಿರಬೇಕು. ಎರಡನೆಯದು ಉಪಾಯ: ಕುರುಹನ್ನು ಕಂಡವನಿಗೆ ತಪ್ಪಿಸಿಕೊಳ್ಳುವ ದಾರಿ ಇರಬೇಕು. ಮೂರನೆಯದು ನಿಷ್ಪಕ್ಷಪಾತ: ಬಲೆ ಮೊದಲೇ ಬರೆದಿಟ್ಟುದಾಗಿರಬೇಕು, ಆಟಗಾರರು ಎಚ್ಚರದಿಂದ ನಡೆದರೆಂಬ ಕಾರಣಕ್ಕೆ ಅದನ್ನು ಅವರ ಕಾಲಡಿಗೆ ತಂದು ಕೂರಿಸಬಾರದು, ಅವರ ಮೇಲಿನ ಕನಿಕರದಿಂದ ಅದನ್ನು ಎತ್ತಿಹಾಕಲೂ ಬಾರದು. ನಾಲ್ಕನೆಯದು ಪ್ರಮಾಣ: ದಂಡ ತಪ್ಪಿಗೆ ತಕ್ಕಂತಿರಬೇಕು, ಮರಣವೇ ದಂಡವಾದರೆ ಮುನ್ಸೂಚನೆಯೂ ಅಷ್ಟೇ ಗಟ್ಟಿಯಾಗಿರಬೇಕು.

ನಮಗೆ ಪರಿಚಿತವಾದ ಕಥೆಗಳಿಂದ ಇದನ್ನು ಸ್ಪಷ್ಟಪಡಿಸಬಹುದು. ವನಪರ್ವದ ಯಕ್ಷನ ಕೊಳ ಮಾರಕವಾದ ಬಲೆಯೇ ಸರಿ. ನೀರು ಕುಡಿದ ನಾಲ್ವರು ಪಾಂಡವರೂ ಅಲ್ಲಿಯೇ ಒರಗಿದರು. ಆದರೆ ಅದನ್ನು ಅನ್ಯಾಯವೆಂದು ಯಾರೂ ಹೇಳುವುದಿಲ್ಲ. ನನ್ನ ಪ್ರಶ್ನೆಗಳಿಗೆ ಉತ್ತರ ಹೇಳದೆ ನೀರನ್ನು ಮುಟ್ಟಬೇಡವೆಂದು ಯಕ್ಷನು ಪ್ರತಿಯೊಬ್ಬನಿಗೂ ಎಚ್ಚರಿಕೆ ಕೊಟ್ಟಿದ್ದನು. ಬಾಯಾರಿಕೆಯ ಆತುರದಲ್ಲಿ ಅವರು ಕಿವಿಗೊಡಲಿಲ್ಲ. ಮೇಲಾಗಿ ನಂತರ ಬಂದವರ ಕಣ್ಣಮುಂದೆ ಮೊದಲು ಬಂದವರ ದೇಹಗಳೇ ಬಿದ್ದಿದ್ದವು. ಅದಕ್ಕಿಂತ ದೊಡ್ಡ ಕುರುಹು ಯಾವುದು? ಕಿವಿಗೊಟ್ಟ ಧರ್ಮರಾಯನು ತಾನೂ ಉಳಿದು ತಮ್ಮಂದಿರನ್ನೂ ಉಳಿಸಿಕೊಂಡನು. ಅರಗಿನ ಮನೆಯ ಪ್ರಸಂಗವೂ ಹೀಗೆಯೇ. ವಿದುರನು ಅಪಾಯವನ್ನು ಗೂಢವಾದ ಮಾತಿನಲ್ಲಿ ತಿಳಿಸಿದನು; ಅರ್ಥವನ್ನು ಬಿಡಿಸಿಕೊಳ್ಳುವ ಭಾರ ಕೇಳಿದವನದಾಯಿತು. ಇದಕ್ಕೆ ವಿರುದ್ಧವಾದ ನಿದರ್ಶನ ಶಕುನಿಯ ದ್ಯೂತ. ಅಲ್ಲಿ ದಾಳವನ್ನು ಎಸೆಯುತ್ತಿದ್ದವನು ಗೆಲ್ಲಲೆಂದೇ ಕುಳಿತವನು. ಧರ್ಮರಾಯನು ಎಷ್ಟು ಎಚ್ಚರದಿಂದ ಆಡಿದರೂ ಫಲ ಒಂದೇ ಆಗುತ್ತಿತ್ತು. ಯಕ್ಷನ ಕೊಳ ಪರೀಕ್ಷೆ, ಶಕುನಿಯ ದ್ಯೂತ ವಂಚನೆ. ಎರಡರಲ್ಲಿಯೂ ಸರ್ವನಾಶದ ಭಯ ಸಮಾನವಾಗಿಯೇ ಇದೆ. ಬಲೆಯ ನ್ಯಾಯಾನ್ಯಾಯವನ್ನು ಅದರ ಮಾರಕತೆಯಿಂದ ಅಳೆಯಲಾಗದೆಂಬುದಕ್ಕೆ ಇದು ಸಾಕು.

ಹಳೆಯ ಆಟದಲ್ಲಿ ಬಲಾಬಲಗಳ ಸಮತೋಲವೆಂಬ ನ್ಯಾಯವಿರಲಿಲ್ಲವೆಂಬುದನ್ನೂ ಇಲ್ಲಿ ಗಮನಿಸಬೇಕು. ನೆಲಮಾಳಿಗೆಯಲ್ಲಿ ಕೆಳಗಿಳಿದಷ್ಟೂ ಅಪಾಯ ಹೆಚ್ಚು, ನಿಧಿಯೂ ಹೆಚ್ಚು ಎಂಬುದು ಎಲ್ಲರಿಗೂ ತಿಳಿದ ಕಟ್ಟಳೆಯಾಗಿತ್ತು. ಎಷ್ಟು ಕೆಳಗಿಳಿಯಬೇಕೆಂಬ ನಿರ್ಧಾರ ಆಟಗಾರರದೇ. ತಿಳಿದು ಆರಿಸಿಕೊಂಡ ಅಪಾಯದ ಬಗ್ಗೆ ದೂರುವುದಕ್ಕೆ ಅವಕಾಶವಿಲ್ಲ.

೫. ಒಂದು ಪ್ರಸಿದ್ಧ ನಿದರ್ಶನ

ಈ ಲಕ್ಷಣಗಳನ್ನು ಒಂದು ಪ್ರಸಿದ್ಧ ಕೃತಿಗೆ ಅನ್ವಯಿಸಿ ನೋಡೋಣ. ಗೈಗ್ಯಾಕ್ಸ್ ರಚಿಸಿದ 'ಟೂಂಬ್ ಆಫ್ ಹಾರರ್ಸ್' ಎಂಬ ಸಾಹಸಕಥನಕ್ಕೆ ಈ ಪ್ರಕಾರದಲ್ಲೆಲ್ಲ ಅತ್ಯಂತ ಮಾರಕವಾದುದೆಂಬ ಖ್ಯಾತಿಯಿದೆ. ಅಸೆರೆರಾಕ್ ಎಂಬ, ಸತ್ತೂ ಸಾಯದ ಮಾಂತ್ರಿಕನ ಸಮಾಧಿಯನ್ನು ಹೊಕ್ಕು ನಿಧಿಯನ್ನು ತರುವುದು ಇದರ ವಸ್ತು. ರಾಕ್ಷಸರು ವಿರಳ, ಬಲೆಗಳು ಹೇರಳ.

ಸಮಾಧಿಯಿರುವ ಗುಡ್ಡಕ್ಕೆ ಬಾಗಿಲು ಕಾಣುವುದಿಲ್ಲ. ಉತ್ತರದ ಇಳಿಜಾರನ್ನು ಗಳದಿಂದಲೋ ಈಟಿಯಿಂದಲೋ ತಿವಿಯುತ್ತ ಹುಡುಕಬೇಕು. ಸಿಗುವ ಮೂರು ಓಣಿಗಳಲ್ಲಿ ಎರಡು ಹುಸಿ. ಒಂದರಲ್ಲಿ ಚಾವಣಿ ಕುಸಿಯುತ್ತದೆ, ಇನ್ನೊಂದರಲ್ಲಿ ದೊಡ್ಡ ಬಂಡೆ ಸರಿದು ದಾರಿಯನ್ನು ಮುಚ್ಚುತ್ತದೆ. ನಿಜವಾದ ಓಣಿಯ ಗೋಡೆಗಳ ತುಂಬ ಬಣ್ಣದ ಚಿತ್ರಗಳು, ನೆಲದಲ್ಲಿ ವಿಷದ ಮೊಳೆಗಳುಳ್ಳ ಮುಚ್ಚಿದ ಗುಂಡಿಗಳು. ಗಳದಿಂದ ಬಲವಾಗಿ ಒತ್ತಿದರೆ ಗುಂಡಿಯ ಮುಚ್ಚಳ ಬಹುಮಟ್ಟಿಗೆ ಗೊತ್ತಾಗುತ್ತದೆ. ನೆಲದ ಹರಳುಗಲ್ಲಿನ ದಾರಿಯನ್ನು ಸೂಕ್ಷ್ಮವಾಗಿ ನೋಡಿದವರಿಗೆ ಮಾಂತ್ರಿಕನೇ ಬರೆಯಿಸಿದ ಒಗಟೊಂದು ಕಾಣಿಸುತ್ತದೆ. ಮುಂದಿನ ದಾರಿಯ ಗೂಢಸೂಚನೆಗಳೊಡನೆ, ಹಸುರನ್ನು ದೂರವಿಡಬೇಕೆಂಬ ಮಾತೂ ಅದರಲ್ಲಿದೆ. ಓಣಿಯ ತುದಿಯಲ್ಲಿ ಹಸುರು ಬಣ್ಣದ ಪಿಶಾಚಮುಖವೊಂದು ಬಾಯ್ದೆರೆದು ನಿಂತಿದೆ. ಬಾಯೊಳಗೆ ಕಗ್ಗತ್ತಲೆ; ಅದರಲ್ಲಿ ತೂರಿದುದು ಯಾವುದೂ ಉಳಿಯುವುದಿಲ್ಲ. ಪಾರುಗಾಣಿಕೆಯ ಎಸೆತವೂ ಇಲ್ಲ. ದೇಹವೇ ಉಳಿಯದ ಕಾರಣ ಸತ್ತವರನ್ನು ಎಬ್ಬಿಸುವ ಮಂತ್ರವೂ ನಿಷ್ಫಲ.

ನಾಲ್ಕು ಲಕ್ಷಣಗಳನ್ನು ಇಟ್ಟು ನೋಡಿದರೆ ಈ ಪಿಶಾಚಮುಖ ಕ್ರೂರವಾದರೂ ಅನ್ಯಾಯವಲ್ಲವೆಂದು ಒಪ್ಪಬೇಕಾಗುತ್ತದೆ. ಮುನ್ಸೂಚನೆ ಒಗಟಿನಲ್ಲಿದೆ, ಬಣ್ಣದಲ್ಲಿದೆ, ಮುಖದ ಆಕಾರದಲ್ಲಿಯೇ ಇದೆ. ಪುಸ್ತಿಕೆಯೊಡನೆ ಒದಗಿಸಿದ ಚಿತ್ರಗಳಲ್ಲಿ ಅದನ್ನು ಆಟಗಾರರಿಗೆ ತೋರಿಸಿಯೂ ಇದೆ. ಉಪಾಯ ಅತಿ ಸುಲಭ: ಗಳವನ್ನು ತೂರಿಸಿ ಹೊರಗೆಳೆದರೆ ತುದಿ ಮಾಯವಾಗಿರುತ್ತದೆ. ಒಂದು ಚಿನ್ನದ ನಾಣ್ಯದ ಗಳವನ್ನು ಕಳೆದುಕೊಂಡವನು ಪ್ರಾಣವನ್ನು ಉಳಿಸಿಕೊಳ್ಳುತ್ತಾನೆ. ಕೊನೆಯ ಕೋಣೆಯಲ್ಲಿಯೂ ಅದೇ ನೀತಿ. ಅಲ್ಲಿರುವ ಮಾಂತ್ರಿಕನ ತಲೆಬುರುಡೆ ಆತ್ಮಗಳನ್ನೇ ಹೀರಿಕೊಳ್ಳುವಷ್ಟು ಭಯಂಕರ. ಆದರೆ ಅದನ್ನು ಮುಟ್ಟದವರ ತಂಟೆಗೆ ಅದು ಬರುವುದಿಲ್ಲ.

ಆದರೆ ಎಲ್ಲ ಬಲೆಗಳನ್ನೂ ಹೀಗೆ ಸಮರ್ಥಿಸಲಾಗದು. ನಡುವೆ ಒಂದು ಹುಸಿ ಸಮಾಧಿಯಿದೆ. ಅಲ್ಲಿನ ಹುಸಿ ಮಾಂತ್ರಿಕನನ್ನು ಕೆಡಹಿದೊಡನೆ ಗುಹೆಯೇ ಕುಸಿಯುತ್ತಿರುವಂತೆ ಭ್ರಮೆ ಉಂಟಾಗುತ್ತದೆ. ಆಗ ನಿರ್ಣಾಯಕನು ಆಟ ಮುಗಿದೇ ಹೋಯಿತೆಂಬಂತೆ ನಡೆದುಕೊಳ್ಳಬೇಕೆಂದು ಪುಸ್ತಿಕೆ ಸೂಚಿಸುತ್ತದೆ. ಇದು ಸೂಕ್ಷ್ಮವಾಗಿ ವಿಚಾರಮಾಡಬೇಕಾದ ವಿಷಯ. ಮಾಂತ್ರಿಕನು ಸಾಹಸಿಗಳಿಗೆ ಸುಳ್ಳು ಹೇಳುವುದು ಕಥೆಯೊಳಗಿನ ಮಾತು. ನಿರ್ಣಾಯಕನು ಆಟಗಾರರಿಗೆ ಸುಳ್ಳು ಹೇಳುವುದು ಕಥೆಯ ಹೊರಗಿನ ಮಾತು. ಆಟಗಾರರಿಗೆ ಆ ಲೋಕವನ್ನು ನೋಡಲು ಇರುವ ಕಿಟಕಿ ನಿರ್ಣಾಯಕನ ಮಾತೊಂದೇ. ಕಿಟಕಿಯ ಗಾಜಿಗೇ ಬಣ್ಣ ಬಳಿದ ಮೇಲೆ ನೋಡುವವನ ಎಚ್ಚರಕ್ಕೆ ಬೆಲೆಯೇನು?

ಇಲ್ಲಿ ಚರಿತ್ರೆಯ ಅರಿವು ಸಹಾಯಕ್ಕೆ ಬರುತ್ತದೆ. ಈ ಕೃತಿ ಅಂಗಡಿಯಲ್ಲಿ ದೊರೆಯುವಂತಾದುದು ೧೯೭೮ರಲ್ಲಿ. ಆದರೆ ಅದನ್ನು ಬಳಸಿದುದು ಅದಕ್ಕೆ ಮುಂಚೆ, ೧೯೭೫ರ ಜುಲೈ ತಿಂಗಳಲ್ಲಿ ಬಾಲ್ಟಿಮೋರ್ ನಗರದಲ್ಲಿ ನಡೆದ 'ಆರಿಜಿನ್ಸ್' ಸಮ್ಮೇಳನದ ಪಂದ್ಯಕ್ಕಾಗಿ. ಪಂದ್ಯದಲ್ಲಿ ಹಲವು ತಂಡಗಳು ಒಂದೇ ಸಮಾಧಿಯನ್ನು ಹೊಗುತ್ತವೆ. ಯಾರು ಎಷ್ಟು ದೂರ ಹೋದರೆಂಬುದನ್ನು ನೋಡಿ ಮೇಲುಕೀಳನ್ನು ತೀರ್ಮಾನಿಸಬೇಕು. ಬಲೆ ಎಷ್ಟೇ ಕ್ರೂರವಾಗಿದ್ದರೂ ಎಲ್ಲ ತಂಡಗಳಿಗೂ ಅದೇ ಬಲೆಯಾದುದರಿಂದ ಅಲ್ಲಿ ಸಮಾನತೆಯೇ ನ್ಯಾಯ. ಪಾತ್ರಗಳೂ ಆ ಹೊತ್ತಿಗೆಂದು ಸಿದ್ಧಪಡಿಸಿ ಕೊಟ್ಟವು. ಸತ್ತರೆ ಮಧ್ಯಾಹ್ನವೊಂದರ ನಷ್ಟ. ಅದೇ ಕೃತಿ ಮನೆಮನೆಗಳನ್ನು ಸೇರಿದಾಗ ಅದರೊಳಗೆ ಕಾಲಿಟ್ಟವು ವರ್ಷಗಟ್ಟಲೆ ಅಕ್ಕರೆಯಿಂದ ಬೆಳೆಸಿದ ಪಾತ್ರಗಳು. ಕಾದಾಟವನ್ನು ಬಯಸುವವರಿಗೆ ಇದು ಹಿಡಿಸದು, ಯೋಚಿಸುವವರಿಗಾಗಿ ಬರೆದುದು ಎಂದು ಕರ್ತೃವು ಎಚ್ಚರಿಸಿದ್ದರೂ ಪಂದ್ಯದ ನ್ಯಾಯ ಮನೆಯ ನ್ಯಾಯವಾಗಲಿಲ್ಲ. ಆಕ್ಷೇಪಣೆಯ ಬಹುಭಾಗ ಈ ಸ್ಥಾನಪಲ್ಲಟದಿಂದ ಹುಟ್ಟಿದುದೆಂದು ನನ್ನ ಅಭಿಪ್ರಾಯ.

ಇನ್ನೊಂದು ಸಂಗತಿಯನ್ನೂ ಮರೆಯುವಂತಿಲ್ಲ. ಗೈಗ್ಯಾಕ್ಸ್‌ನ ಸ್ವಂತ ಬಳಗದಲ್ಲಿ ರಾಬ್ ಕುಂಟ್ಸ್ ಎಂಬ ಆಟಗಾರನು ರಾಬಿಲಾರ್ ಎಂಬ ಪಾತ್ರವನ್ನು ವಹಿಸಿ ಈ ಸಮಾಧಿಯನ್ನು ಗೆದ್ದನು. ತನ್ನ ಊಳಿಗದ ಓರ್ಕ್ ಆಳುಗಳನ್ನು ಮುಂದೆ ಅಟ್ಟಿ, ಬಲೆಗಳಿಗೆ ಅವರು ಬಲಿಯಾಗುತ್ತ ಹೋದಂತೆ ಅವನು ಹಿಂದಿನಿಂದ ನಡೆದನು. ನಿಯಮದ ದೃಷ್ಟಿಯಿಂದ ಇದರಲ್ಲಿ ದೋಷವಿಲ್ಲ. ಆದರೆ ಆಟಗಾರನಿಗೆ ದೊರೆತ ನ್ಯಾಯದ ಬೆಲೆಯನ್ನು, ಮೇಜಿನ ಬಳಿ ತಮ್ಮ ಪರವಾಗಿ ಮಾತನಾಡುವವರಿಲ್ಲದ ಆಳುಗಳು ತೆತ್ತರೆಂಬುದನ್ನು ಚರಿತ್ರೆಯ ವಿದ್ಯಾರ್ಥಿ ಗಮನಿಸದೆ ಇರಲಾರನು.

೬. ಅನಂತರದ ಬೆಳವಣಿಗೆ

ಬಲೆಗಳ ಭಾರ ಆಟಗಾರನ ಬುದ್ಧಿಯಿಂದ ಪಾತ್ರದ ಅಂಕಗಳ ಕಡೆಗೆ ಸರಿಯುವುದು ೧೯೭೫ರಲ್ಲಿಯೇ ಮೊದಲಾಯಿತು. ಆ ವರ್ಷದ 'ಗ್ರೇಹಾಕ್' ಎಂಬ ಅನುಬಂಧ ಕಳ್ಳನೆಂಬ ಪಾತ್ರವರ್ಗವನ್ನು ಸೇರಿಸಿ, ಬಲೆಯನ್ನು ಕಳಚುವ ಅವನ ಸಾಮರ್ಥ್ಯವನ್ನು ಶೇಕಡಾವಾರು ಅಂಕಿಯಲ್ಲಿ ಕೊಟ್ಟಿತು. ೧೯೭೮ರ ಪರಿಷ್ಕೃತ ನಿಯಮಗಳಲ್ಲಿ ಮೊದಲ ಮೆಟ್ಟಿಲಿನ ಕಳ್ಳನಿಗೆ ಅದು ಶೇಕಡ ೨೦. ೨೦೦೦ದಲ್ಲಿ ಬಂದ ಮೂರನೆಯ ಆವೃತ್ತಿಯಲ್ಲಿ ಶೋಧನೆಯೇ ಒಂದು ಅಂಕಿತ ವಿದ್ಯೆಯಾಗಿ, ದಾಳದ ಒಂದು ಎಸೆತದಲ್ಲಿ ಮುಗಿಯುವ ಕೆಲಸವಾಯಿತು. ೨೦೧೪ರ ಐದನೆಯ ಆವೃತ್ತಿಯಲ್ಲಿ ನೆಲಕ್ಕೊರಗಿದವನಿಗೂ ಮರಣಕ್ಕೆ ಮುಂಚೆ ಮತ್ತೆ ಮತ್ತೆ ದಾಳ ಹಾಕುವ ಅವಕಾಶವಿದೆ. ಇದರಿಂದ ನಿರ್ಣಾಯಕನ ಸ್ವೇಚ್ಛೆಗೆ ಕಡಿವಾಣ ಬಿದ್ದುದು ನಿಜ. ಜತೆಗೆ, ನೆಲವನ್ನು ಹೇಗೆ ನೋಡಿದೆ ಎಂದು ವಿವರಿಸುವ ಅಗತ್ಯವೂ ತಪ್ಪಿತು.

ಈ ನಷ್ಟವನ್ನು ಮನಗಂಡವರು ೨೦೦೬ರಿಂದ ಈಚೆಗೆ ಹಳೆಯ ನಿಯಮಗಳನ್ನು ಪುನರುದ್ಧರಿಸತೊಡಗಿದರು. 'ಆಸ್ರಿಕ್' (೨೦೦೬), 'ಲ್ಯಾಬಿರಿಂತ್ ಲಾರ್ಡ್' (೨೦೦೭), 'ಸ್ವರ್ಡ್ಸ್ ಅಂಡ್ ವಿಜರ್ಡ್ರಿ' (೨೦೦೮) ಎಂಬ ಪುಸ್ತಕಗಳು ಈ ಚಳವಳಿಯ ಫಲ. ಮ್ಯಾಟ್ ಫಿಂಚ್ ೨೦೦೮ರಲ್ಲಿ ಬರೆದ ಕಿರುಹೊತ್ತಗೆಯೊಂದರಲ್ಲಿ ಒಂದೇ ಗುಂಡಿಯ ಪ್ರಸಂಗವನ್ನು ಎರಡು ರೀತಿಯಲ್ಲಿ, ಹೊಸ ಪದ್ಧತಿಯಲ್ಲೊಮ್ಮೆ ಹಳೆಯ ಪದ್ಧತಿಯಲ್ಲೊಮ್ಮೆ, ಆಡಿ ತೋರಿಸಿದ್ದಾನೆ. ಹೊಸದರಲ್ಲಿ ದಾಳ ಉತ್ತರ ಹೇಳುತ್ತದೆ. ಹಳೆಯದರಲ್ಲಿ ನಿರ್ಣಾಯಕನೂ ಆಟಗಾರನೂ ಪ್ರಶ್ನೋತ್ತರದಿಂದ ಗುಂಡಿಯನ್ನು ಕಂಡುಹಿಡಿಯುತ್ತಾರೆ. ಬಲೆಯನ್ನು ಸಂಭಾಷಣೆಯ ವಿಷಯವನ್ನಾಗಿ ಕಾಣುವ ಈ ದೃಷ್ಟಿಯೇ ಪುನರುದ್ಧಾರದ ತಿರುಳೆನ್ನಬಹುದು.

೭. ಉಪಸಂಹಾರ

ಈ ವಿಷಯದಲ್ಲಿ ಈ ಲೇಖಕನಿಗೆ ಆಸಕ್ತಿ ಹುಟ್ಟಿದುದು ಗ್ರಂಥಗಳಿಂದಲ್ಲ, ಒಂದು ತಪ್ಪಿನಿಂದ. ಕೆಲವು ವಿದ್ಯಾರ್ಥಿಗಳ ಒತ್ತಾಯಕ್ಕೆ ಮಣಿದು ಭಾನುವಾರಗಳಂದು ನಾನು ನಿರ್ಣಾಯಕನಾಗಿ ಕುಳಿತುಕೊಳ್ಳುತ್ತಿದ್ದೆನು. ಒಂದು ದಿನ ಓಣಿಯೊಂದರ ಗೋಡೆ ಬೆಂಕಿಯಿಂದ ಕಪ್ಪಾಗಿದೆಯೆಂದು ನನ್ನ ಕಾಗದದಲ್ಲಿ ಬರೆದುಕೊಂಡಿದ್ದೂ, ಹೊತ್ತು ಮೀರಿದ ಆತುರದಲ್ಲಿ ಅದನ್ನು ಹೇಳದೆ ಮುಂದುವರಿದೆನು. ಎಂಟು ತಿಂಗಳಿಂದ ಒಂದೇ ಪಾತ್ರವನ್ನು ಜೋಪಾನಮಾಡಿಕೊಂಡು ಬಂದಿದ್ದ ವಿದ್ಯಾರ್ಥಿನಿಯೊಬ್ಬಳ ಪಾತ್ರ ಮರುಕ್ಷಣದಲ್ಲಿ ಸುಟ್ಟುಹೋಯಿತು. ಅವಳು ವಾದಿಸಲಿಲ್ಲ. "ಗೋಡೆಯ ಮೇಲೆ ಏನಾದರೂ ಗುರುತು ಇತ್ತೆ, ಸಾರ್?" ಎಂದು ಮಾತ್ರ ಕೇಳಿದಳು. ಇತ್ತು ಎಂದು ಹೇಳಬೇಕಾಯಿತು. ಆ ಸಾವನ್ನು ನಾನು ಅಲ್ಲಿಯೇ ರದ್ದುಮಾಡಿದೆನು. ಆದರೆ ಅನಂತರದ ಎರಡು ಮೂರು ವಾರ ಆ ಮೇಜಿನಲ್ಲಿ ಯಾರೂ ನನ್ನ ವರ್ಣನೆಯನ್ನು ನಂಬಿ ಹೆಜ್ಜೆಯಿಡಲಿಲ್ಲ. ಹೇಳಿದುದನ್ನು ಬಿಟ್ಟು ಹೇಳದುದಕ್ಕಾಗಿ ತಡಕಾಡಿದರು. ಸಾವನ್ನು ಹಿಂದಕ್ಕೆ ತೆಗೆದುಕೊಂಡಷ್ಟು ಸುಲಭವಾಗಿ ನಂಬಿಕೆಯನ್ನು ಮರಳಿ ಪಡೆಯಲಾಗದೆಂದು ಆಗ ತಿಳಿಯಿತು.

ಒಟ್ಟಿನಲ್ಲಿ ಹೇಳುವುದಾದರೆ, ಹಳೆಯ ಮಾದರಿಯ ಆಟಗಳಲ್ಲಿ ಬಲೆಗಳು ಮಾರಕವಾಗಿದ್ದುದು ದೋಷವಲ್ಲ. ಅಪಾಯ ನಿಜವಾಗಿದ್ದುದರಿಂದಲೇ ಎಚ್ಚರಕ್ಕೂ ಯುಕ್ತಿಗೂ ಬೆಲೆಯಿತ್ತು. ಆದರೆ ಆ ಮಾರಕತೆಯನ್ನು ನ್ಯಾಯವಾಗಿಸುತ್ತಿದ್ದುದು ನಿರ್ಣಾಯಕನ ಮಾತಿನ ಪ್ರಾಮಾಣಿಕತೆ. ಬಲೆಯನ್ನು ಅಡಗಿಸಿಡುವ ಅಧಿಕಾರ ಅವನಿಗುಂಟು. ಕುರುಹನ್ನು ಅಡಗಿಸಿಡುವ ಅಧಿಕಾರವಿಲ್ಲ. ಸತ್ತವನು ಹಿಂತಿರುಗಿ ನೋಡಿ, 'ನನಗೆ ಹೇಳಿದ್ದರು, ನಾನೇ ಗಮನಿಸಲಿಲ್ಲ' ಎಂದುಕೊಳ್ಳುವಂತಿದ್ದರೆ ಆ ಸಾವು ನ್ಯಾಯವಾದುದು. ಈ ಆಟಗಳ ನಿರ್ಣಾಯಕರಾಗಬಯಸುವವರು ನಿಯಮಪುಸ್ತಕವನ್ನು ತೆರೆಯುವ ಮುಂಚೆ ಇಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡರೆ ಸಾಕು.